ಎ.ಎನ್.ಎಂ. ಅರ್ಹತೆಯಿಂದ ನೋಂದಾಯಿತ ಶುಶ್ರೂಷಕಿಯ ಅರ್ಹತೆಗೆ: ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಅಭ್ಯರ್ಥಿಗಳಿಗೆ ಮಾಹಿತಿ

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ಖಾಸಗಿ ನರ್ಸಿಂಗ್ ಹೋಂಗಳಲ್ಲಿ ಸೇವೆ ಸಲ್ಲಿಸುತ್ತಿರುವ ಎ.ಎನ್.ಎಂ. ಅರ್ಹತೆಯ ಮಹಿಳೆಯರು ನೋಂದಾಯಿತ ಶುಶ್ರೂಷಕಿಯರಾಗಲು ಅನುಸರಿಸಬೇಕಾದ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಎ.ಎನ್.ಎಂ. ಆದವರಿಗೆ ಜಿ.ಎನ್.ಎಂ. ಆಗಲು ಒಂದು ವರ್ಷದ ಬ್ರಿಡ್ಜ್ ಕೋರ್ಸ್ ಇದೆಯೇ?” ಇದಕ್ಕೆ ಉತ್ತರವನ್ನು ಮೊದಲಿಗೇ ಹೇಳುವುದು ಒಳಿತು. ಅಂತಹ ಕಿರು ಕೋರ್ಸ್ ಇರುವುದಿಲ್ಲ. ಎ.ಎನ್.ಎಂ. ನೋಂದಣಿಯು ಜಿ.ಎನ್.ಎಂ. ತರಗತಿಯ ಬಾಗಿಲನ್ನು ತೆರೆಯುತ್ತದೆ, ವಯಸ್ಸಿನ ತಡೆಯನ್ನೂ ತೆಗೆಯುತ್ತದೆ. ಆದರೆ ಮೂರು ವರ್ಷಗಳ ವ್ಯಾಸಂಗದಲ್ಲಿ ಒಂದು ದಿನವನ್ನೂ ಕಡಿಮೆ ಮಾಡುವುದಿಲ್ಲ. ಈ ವ್ಯತ್ಯಾಸವನ್ನು ತಿಳಿಯದೆ ಕೆಲಸಕ್ಕೆ ರಾಜೀನಾಮೆ ನೀಡುವುದು, ಮಧ್ಯವರ್ತಿಗಳಿಗೆ ಹಣ ಕಟ್ಟುವುದು ಎರಡೂ ಕುಟುಂಬಕ್ಕೆ ಭಾರೀ ನಷ್ಟವನ್ನುಂಟುಮಾಡುವ ಕಾರಣ, ಪ್ರತಿಯೊಂದು ಹಂತವನ್ನೂ ಮುಂದೆ ವಿಶದಪಡಿಸಲಾಗಿದೆ.

ಅರ್ಹತೆಗಳು ಮತ್ತು ನೋಂದಣಿ

ನಮ್ಮ ದೇಶದಲ್ಲಿ ಶುಶ್ರೂಷಾ ಶಿಕ್ಷಣದ ಮಟ್ಟವನ್ನು ನಿಗದಿಪಡಿಸುತ್ತ ಬಂದಿರುವ ಸಂಸ್ಥೆ ಭಾರತೀಯ ನರ್ಸಿಂಗ್ ಕೌನ್ಸಿಲ್. ಇದು 1947ರ ಅಧಿನಿಯಮದಡಿ ಸ್ಥಾಪಿತವಾದದ್ದು. ಈ ಅಧಿನಿಯಮದ ಸ್ಥಾನದಲ್ಲಿ ಬರುವಂತೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಅಧಿನಿಯಮವನ್ನು ಅಂಗೀಕರಿಸಿದೆ. ರಾಜ್ಯದಲ್ಲಿ ಹೆಸರು ನೋಂದಾಯಿಸುವ ಅಧಿಕಾರವು 1961ರ ಕರ್ನಾಟಕ ನರ್ಸುಗಳು, ಮಿಡ್‌ವೈಫ್‌ಗಳು ಮತ್ತು ಹೆಲ್ತ್ ವಿಸಿಟರ್‌ಗಳ ಅಧಿನಿಯಮದಂತೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿಗೆ ಸೇರಿರುತ್ತದೆ.

ಎ.ಎನ್.ಎಂ., ಅಂದರೆ ಆಕ್ಸಿಲರಿ ನರ್ಸ್ ಮಿಡ್‌ವೈಫ್ ಶಿಕ್ಷಣವು ಎರಡು ವರ್ಷದ್ದು, ಮಹಿಳೆಯರಿಗೆ ಮಾತ್ರ ಮೀಸಲಾದುದು. ಗರ್ಭಿಣಿಯರ ತಪಾಸಣೆ, ಹೆರಿಗೆ, ಲಸಿಕೆ, ಕುಟುಂಬ ಕಲ್ಯಾಣ ಮೊದಲಾದ ಗ್ರಾಮ ಮಟ್ಟದ ಸೇವೆಗಳಿಗಾಗಿ ಈ ಶಿಕ್ಷಣವನ್ನು ರೂಪಿಸಲಾಗಿದೆ. ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಎಂಬ ಜಿ.ಎನ್.ಎಂ. ಡಿಪ್ಲೊಮಾ ಮೂರು ವರ್ಷದ್ದು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಜಿ.ಎನ್.ಎಂ. ಮುಗಿಸಿದವರು ಮತ್ತೆ ಎರಡು ವರ್ಷ ಓದಿ ಪಡೆಯುವ ಪದವಿಯನ್ನು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಎನ್ನುತ್ತಾರೆ. ಕೌನ್ಸಿಲ್ಲಿನ ರಿಜಿಸ್ಟರಿನಲ್ಲಿ ಜಿ.ಎನ್.ಎಂ. ಹಾಗೂ ಬಿ.ಎಸ್ಸಿ. ಪಡೆದವರನ್ನು ನೋಂದಾಯಿತ ನರ್ಸ್ ಮತ್ತು ನೋಂದಾಯಿತ ಮಿಡ್‌ವೈಫ್ ಎಂದು ದಾಖಲಿಸಲಾಗುವುದು. ಎ.ಎನ್.ಎಂ. ಪಡೆದವರ ನೋಂದಣಿ ಬೇರೆ ಭಾಗದಲ್ಲಿರುತ್ತದೆ. ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸೇವಾವಧಿಯ ಆಧಾರದ ಮೇಲೆ ಹೆಸರನ್ನು ವರ್ಗಾಯಿಸಲು ಅವಕಾಶವಿರುವುದಿಲ್ಲ. ಇಪ್ಪತ್ತು ವರ್ಷ ಉಪಕೇಂದ್ರದಲ್ಲಿ ದುಡಿದವರಿಗೂ ಇದೇ ನಿಯಮ.

ಬಡ್ತಿ ಮತ್ತು ನೋಂದಣಿ ಒಂದೇ ಅಲ್ಲ

ಇಲಾಖೆಯಲ್ಲಿ ಎ.ಎನ್.ಎಂ. ಹುದ್ದೆಯನ್ನು ಬಹುಕಾಲ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದು ಕರೆಯಲಾಗುತ್ತಿತ್ತು. ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಪದನಾಮ ಬಳಕೆಯಲ್ಲಿದೆ. ಊರಿನವರ ಬಾಯಲ್ಲಿ ಅವರು ಇಂದಿಗೂ “ನರ್ಸಬಾಯಿ” ಅಥವಾ “ಸಿಸ್ಟರ್” ಆಗಿಯೇ ಉಳಿದಿದ್ದಾರೆ. 1973ರಲ್ಲಿ ವರದಿ ನೀಡಿದ ಕರ್ತಾರ್ ಸಿಂಗ್ ಸಮಿತಿಯು ಎ.ಎನ್.ಎಂ.ಗಳನ್ನು ಬಹೂದ್ದೇಶ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾರ್ಪಡಿಸಲು ಶಿಫಾರಸು ಮಾಡಿತು. ಅಂದಿನಿಂದ ಅವರ ಮುಂದಿನ ಮೆಟ್ಟಿಲು ಆಸ್ಪತ್ರೆಯ ವಾರ್ಡಿನ ಕಡೆಗಲ್ಲ, ಮೇಲ್ವಿಚಾರಣೆಯ ಕಡೆಗೆ ಸಾಗಿತು. ಸೇವಾನಿರತ ಎ.ಎನ್.ಎಂ. ನಿಗದಿತ ಅವಧಿಯ ಸೇವೆಯ ನಂತರ ಆರು ತಿಂಗಳ ಬಡ್ತಿ ತರಬೇತಿ ಪಡೆದು ಲೇಡಿ ಹೆಲ್ತ್ ವಿಸಿಟರ್ ಅಥವಾ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ ಆಗುವ ವ್ಯವಸ್ಥೆ ಹೀಗೆ ಬೆಳೆದುಬಂದಿದೆ.

ಇದು ಗೌರವದ ಬಡ್ತಿಯೇ ಸರಿ. ಆದಾಗ್ಯೂ ಅದರಿಂದ ನೋಂದಾಯಿತ ನರ್ಸ್ ಅರ್ಹತೆ ಲಭಿಸುವುದಿಲ್ಲ. ಇಲಾಖೆಯಲ್ಲಿ ಸ್ಟಾಫ್ ನರ್ಸ್ ಎಂದು ಹಿಂದೆ ಕರೆಯಲಾಗುತ್ತಿದ್ದ ಶುಶ್ರೂಷಾಧಿಕಾರಿ ಹುದ್ದೆಗೆ ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಅವಶ್ಯ. ಹಿರಿಯ ಆರೋಗ್ಯ ಸಹಾಯಕಿಯಾಗಿ ಹತ್ತು ಉಪಕೇಂದ್ರಗಳನ್ನು ನೋಡಿಕೊಂಡ ಅನುಭವವಿದ್ದರೂ ಆ ನೇಮಕಾತಿಯಲ್ಲಿ ಅರ್ಜಿ ಸ್ವೀಕೃತವಾಗುವುದಿಲ್ಲ. ಆದ್ದರಿಂದ ತಾನು ಬಯಸುವುದು ಬಡ್ತಿಯೋ ಅಥವಾ ನೋಂದಣಿಯೋ ಎಂಬುದನ್ನು ಅಭ್ಯರ್ಥಿಯು ಮೊದಲು ನಿರ್ಧರಿಸತಕ್ಕದ್ದು. ನಿವೃತ್ತಿಗೆ ಎಂಟು ಹತ್ತು ವರ್ಷಗಳು ಮಾತ್ರ ಬಾಕಿ ಇರುವ ಖಾಯಂ ನೌಕರರಿಗೆ ಬಡ್ತಿಯ ಮಾರ್ಗವೇ ಹೆಚ್ಚು ಅನುಕೂಲಕರ ಎಂಬುದು ಅನುಭವದ ಮಾತು. ಮೂವತ್ತರ ಆಸುಪಾಸಿನಲ್ಲಿರುವ ಗುತ್ತಿಗೆ ನೌಕರರ ಲೆಕ್ಕ ಬೇರೆಯಾಗುತ್ತದೆ.

ಜಿ.ಎನ್.ಎಂ. ಪ್ರವೇಶಕ್ಕೆ ಎ.ಎನ್.ಎಂ. ನೋಂದಣಿಯ ಪ್ರಯೋಜನ

ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಪಠ್ಯಕ್ರಮದಂತೆ ಜಿ.ಎನ್.ಎಂ. ಪ್ರವೇಶಕ್ಕೆ ಸಾಮಾನ್ಯ ಅಭ್ಯರ್ಥಿಗಳು ಇಂಗ್ಲಿಷ್ ಸಹಿತ ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಕನಿಷ್ಠ ಶೇ. 40 ಅಂಕ ಪಡೆದಿರತಕ್ಕದ್ದು. ಇಂಗ್ಲಿಷ್ ವಿಷಯದಲ್ಲಿಯೂ ಪ್ರತ್ಯೇಕವಾಗಿ ಇಷ್ಟೇ ಅಂಕ ಅವಶ್ಯ. ವಿಜ್ಞಾನ ಓದಿದವರಿಗೆ ಆದ್ಯತೆ ಇದೆಯಾದರೂ ಕಲಾ ಮತ್ತು ವಾಣಿಜ್ಯ ವಿಭಾಗದವರೂ ಅರ್ಹರು. ವಯಸ್ಸು 17ರಿಂದ 35ರೊಳಗಿರಬೇಕು. ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರಿಗೆ ಅಂಕಗಳಲ್ಲಿ ಶೇ. 5ರ ರಿಯಾಯಿತಿ ಇರುತ್ತದೆ.

ಇದೇ ನಿಯಮದಲ್ಲಿ ಉತ್ತೀರ್ಣ ಅಂಕ ಪಡೆದ ನೋಂದಾಯಿತ ಎ.ಎನ್.ಎಂ.ಗಳನ್ನು ಪ್ರತ್ಯೇಕ ಅರ್ಹ ವರ್ಗವಾಗಿ ಹೇಳಲಾಗಿದೆ. ಎ.ಎನ್.ಎಂ. ಮತ್ತು ಲೇಡಿ ಹೆಲ್ತ್ ವಿಸಿಟರ್‌ಗಳಿಗೆ ವಯೋಮಿತಿಯ ತಡೆ ಇಲ್ಲವೆಂದೂ ಸ್ಪಷ್ಟಪಡಿಸಲಾಗಿದೆ. ಈ ಎರಡು ವಾಕ್ಯಗಳೇ ನಮ್ಮಲ್ಲಿರುವ ನಿಜವಾದ ಸೇತುವೆ. ಹಿಂದೆ ಎಸ್.ಎಸ್.ಎಲ್.ಸಿ. ಆಧಾರದ ಮೇಲೆಯೇ ಎ.ಎನ್.ಎಂ. ತರಬೇತಿಗೆ ಸೇರಿ, ಈಗ ನಲವತ್ತು ದಾಟಿರುವವರೂ ಇದರಿಂದ ಜಿ.ಎನ್.ಎಂ. ಸೇರಬಹುದಾಗಿದೆ. ಆದರೆ ಇದು “ನೋಂದಾಯಿತ” ಎ.ಎನ್.ಎಂ.ಗಳಿಗೆ ಮಾತ್ರ. ಅಂಕಪಟ್ಟಿ ಪಡೆದು ಕೌನ್ಸಿಲ್ಲಿನಲ್ಲಿ ಹೆಸರು ದಾಖಲಿಸದವರು, ದಾಖಲಿಸಿ ನವೀಕರಿಸದವರು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಆ ವರ್ಷದ ರಾಜ್ಯ ಪ್ರವೇಶ ಅಧಿಸೂಚನೆಯಲ್ಲಿ ಎ.ಎನ್.ಎಂ. ವರ್ಗವು ಯಾವ ಷರತ್ತಿನೊಡನೆ ನಮೂದಾಗಿದೆ ಎಂಬುದನ್ನೂ ಓದಿ ನೋಡತಕ್ಕದ್ದು. ಜಿ.ಎನ್.ಎಂ. ಪರೀಕ್ಷೆಗಳನ್ನು ನಡೆಸುವುದು ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ.

ಮೂರು ವರ್ಷ ಏಕೆ ಎಂಬ ಪ್ರಶ್ನೆ ಸಹಜ. ಎ.ಎನ್.ಎಂ.ಗೆ ಸಮುದಾಯ ಆರೋಗ್ಯ ಮತ್ತು ಪ್ರಸವ ಸೇವೆಯ ಪರಿಚಯ ಚೆನ್ನಾಗಿಯೇ ಇರುತ್ತದೆ. ತಾಯಿ ಕಾರ್ಡ್ ತುಂಬುವುದು, ಲಸಿಕೆಯ ಶೀತಲ ಸರಪಳಿ ಕಾಯುವುದು ಅವರಿಗೆ ಹೇಳಿಕೊಡಬೇಕಾದ ಸಂಗತಿಗಳಲ್ಲ. ಆದರೆ ಜಿ.ಎನ್.ಎಂ. ಪಠ್ಯದ ಬಹುಭಾಗ ಆಸ್ಪತ್ರೆಯ ಒಳಗಿನದು. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ಮನೋವಿಜ್ಞಾನ, ಸಮಾಜವಿಜ್ಞಾನ ಹಾಗೂ ಶುಶ್ರೂಷೆಯ ಮೂಲ ಪಾಠಗಳಿರುತ್ತವೆ. ಎರಡನೆಯ ವರ್ಷ ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ಶುಶ್ರೂಷೆ, ಮಾನಸಿಕ ಆರೋಗ್ಯ, ಮಕ್ಕಳ ಆರೋಗ್ಯ ಬರುತ್ತವೆ. ಪ್ರಸೂತಿ ಮತ್ತು ಸ್ತ್ರೀರೋಗ ಶುಶ್ರೂಷೆ ಬರುವುದು ಮೂರನೆಯ ವರ್ಷ, ಅದರೊಡನೆ ಆರು ತಿಂಗಳ ಇಂಟರ್ನ್‌ಶಿಪ್ ಇರುತ್ತದೆ. ಎ.ಎನ್.ಎಂ.ಗಳು ಸಾಮಾನ್ಯವಾಗಿ ತೊಡಕು ಅನುಭವಿಸುವುದು ಮೊದಲ ವರ್ಷದಲ್ಲಿ. ಔಷಧಿಗಳ ಹೆಸರು, ರೋಗಿಯ ಚಾರ್ಟ್, ಪಠ್ಯಪುಸ್ತಕ ಎಲ್ಲವೂ ಇಂಗ್ಲಿಷಿನಲ್ಲಿದ್ದು, ಕನ್ನಡ ಮಾಧ್ಯಮದಲ್ಲಿ ಓದಿ ಹತ್ತು ವರ್ಷ ಪುಸ್ತಕದಿಂದ ದೂರವಿದ್ದವರಿಗೆ ಇದು ಭಾರವೆನಿಸುತ್ತದೆ. ಪ್ರವೇಶಕ್ಕೆ ಮೊದಲಿನ ಕೆಲವು ತಿಂಗಳು ಅಂಗರಚನೆಯ ಪದಗಳನ್ನೂ ಸರಳ ಇಂಗ್ಲಿಷನ್ನೂ ಅಭ್ಯಸಿಸಿದವರು ಮುಂದೆ ಸುಲಭವಾಗಿ ಸಾಗುತ್ತಾರೆ. ಮೂರನೆಯ ವರ್ಷಕ್ಕೆ ಬಂದಾಗ ತರಗತಿಯ ಕಿರಿಯರೆಲ್ಲ ಹೆರಿಗೆ ಕೋಣೆಯಲ್ಲಿ ಇವರನ್ನೇ ಕೇಳುತ್ತಾರೆಂಬುದು ಬೇರೆ ಮಾತು.

ಪಠ್ಯಕ್ರಮದಂತೆ ಪರೀಕ್ಷೆಗೆ ಕುಳಿತುಕೊಳ್ಳಲು ನಿಗದಿತ ಹಾಜರಾತಿ ಬೇಕು. ಡಿಪ್ಲೊಮಾ ಪಡೆಯುವುದಕ್ಕೆ ಮುಂಚೆ ಪ್ರಾಯೋಗಿಕ ತರಬೇತಿಯ ಹಾಜರಾತಿಯನ್ನು ನೂರಕ್ಕೆ ನೂರು ಪೂರ್ಣಗೊಳಿಸಿರಬೇಕು. ಹೀಗಾಗಿ ಹಗಲು ನರ್ಸಿಂಗ್ ಹೋಮಿನಲ್ಲಿ ಕೆಲಸ, ಪರೀಕ್ಷೆಯ ವೇಳೆಗೆ ಮಾತ್ರ ಕಾಲೇಜು ಎಂಬ ಏರ್ಪಾಡು ನಿಯಮಬಾಹಿರ. “ಹಾಜರಾತಿ ನಾವು ನೋಡಿಕೊಳ್ಳುತ್ತೇವೆ” ಎಂದು ಭರವಸೆ ನೀಡುವ ಸಂಸ್ಥೆಯಿಂದ ದೂರವಿರುವುದು ಕ್ಷೇಮ.

“ಬ್ರಿಡ್ಜ್ ಕೋರ್ಸ್” ಎಂಬ ಹೆಸರಿನ ಬಗ್ಗೆ ಎಚ್ಚರಿಕೆ

ಈ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ.

ಅಮೆರಿಕ ಮೊದಲಾದ ದೇಶಗಳಲ್ಲಿ ಪ್ರಾಕ್ಟಿಕಲ್ ನರ್ಸ್ ಎಂಬ ಪರವಾನಗಿ ಪಡೆದವರಿಗೆ ಹಿಂದಿನ ಓದಿನ ಅಂಕಗಳನ್ನು ಲೆಕ್ಕಕ್ಕೆ ಹಿಡಿದು, ಉಳಿದುದನ್ನು ಮಾತ್ರ ಕಲಿಸಿ ನೋಂದಾಯಿತ ನರ್ಸ್ ಮಾಡುವ ಕೋರ್ಸುಗಳಿವೆ. ಅಂತರ್ಜಾಲದಲ್ಲಿ ಹುಡುಕಿದಾಗ ಕಾಣುವುದು ಹೆಚ್ಚಾಗಿ ಇವೇ. ನಮ್ಮ ಎ.ಎನ್.ಎಂ. ಅರ್ಹತೆಯು ಅಲ್ಲಿನ ಪ್ರಾಕ್ಟಿಕಲ್ ನರ್ಸ್ ಪರವಾನಗಿಗೆ ತಾನಾಗಿಯೇ ಸಮನಾಗುವುದಿಲ್ಲ. ಆ ಮಾಹಿತಿ ಇಲ್ಲಿನ ಅರ್ಜಿದಾರರಿಗೆ ಉಪಯುಕ್ತವಲ್ಲ.

ಎರಡನೆಯದು ನಮ್ಮ ದೇಶದ್ದೇ. 2018ರಲ್ಲಿ ಆರಂಭವಾಗಿ 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರು ಬದಲಾದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ಸಿದ್ಧಪಡಿಸಲು ಸಮುದಾಯ ಆರೋಗ್ಯದಲ್ಲಿ ಆರು ತಿಂಗಳ ಸರ್ಟಿಫಿಕೇಟ್ ಶಿಕ್ಷಣವನ್ನು ಏರ್ಪಡಿಸಲಾಯಿತು. ಅದರ ಹೆಸರಿನಲ್ಲಿಯೇ “ಬ್ರಿಡ್ಜ್” ಎಂಬ ಪದವಿದೆ. ಆದರೆ ಅದು ಈಗಾಗಲೇ ನೋಂದಾಯಿತ ನರ್ಸ್ ಆಗಿರುವವರಿಗೆ. ಎ.ಎನ್.ಎಂ. ಮಾತ್ರ ಓದಿದವರು ಅದಕ್ಕೆ ಅರ್ಹರಲ್ಲ. ತಾನು ವರ್ಷಗಟ್ಟಲೆ ನಡೆಸಿದ ಉಪಕೇಂದ್ರಕ್ಕೆ ಕಿರಿಯ ವಯಸ್ಸಿನ ಪದವೀಧರರೊಬ್ಬರು ಅಧಿಕಾರಿಯಾಗಿ ಬಂದು ಕುಳಿತಾಗ ಎ.ಎನ್.ಎಂ.ಗೆ ಆಗುವ ಬೇಸರವು ಅರ್ಥವಾಗುವಂಥದ್ದು. ಆ ಹುದ್ದೆಗೆ ದಾರಿ ಇರುವುದು ಜಿ.ಎನ್.ಎಂ. ಮತ್ತು ಅದರ ಮುಂದಿನ ಪದವಿಯ ಮೂಲಕವೇ.

ಮೂರನೆಯದು ಸುಳ್ಳು. ಒಂದು ವರ್ಷದಲ್ಲಿ, ಮನೆಯಲ್ಲಿಯೇ ಕುಳಿತು, ದೂರಶಿಕ್ಷಣದ ಮೂಲಕ ಜಿ.ಎನ್.ಎಂ. ಪ್ರಮಾಣಪತ್ರ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳ ಮಾತನ್ನು ನಂಬಬಾರದು. ಎ.ಎನ್.ಎಂ. ಮತ್ತು ಜಿ.ಎನ್.ಎಂ. ಶಿಕ್ಷಣವನ್ನು ದೂರಶಿಕ್ಷಣದಲ್ಲಿ ನೀಡಲು ಅವಕಾಶವಿಲ್ಲ. ನರ್ಸಿಂಗ್ ಅಸಿಸ್ಟೆಂಟ್, ಹೋಂ ನರ್ಸಿಂಗ್, ಜನರಲ್ ಡ್ಯೂಟಿ ಅಸಿಸ್ಟೆಂಟ್ ಮೊದಲಾದ ಅಲ್ಪಾವಧಿಯ ಪ್ರಮಾಣಪತ್ರಗಳು ಎ.ಎನ್.ಎಂ.ಗೂ ಸಮಾನವಲ್ಲ. ನರ್ಸಿಂಗ್ ಹೋಮಿನಲ್ಲಿ ಕೆಲಸ ಕಲಿತು ವರ್ಷಗಳಿಂದ ಇಂಜೆಕ್ಷನ್ ನೀಡುತ್ತ ಬಂದವರ ಅನುಭವವೂ ನೋಂದಣಿಗೆ ಆಧಾರವಾಗುವುದಿಲ್ಲ. ಅಂಥವರು ಪಿ.ಯು.ಸಿ. ಅಂಕಗಳ ಮೇಲೆ ಸಾಮಾನ್ಯ ಅಭ್ಯರ್ಥಿಗಳಾಗಿ, 35 ವರ್ಷದೊಳಗೆ, ನೇರವಾಗಿ ಜಿ.ಎನ್.ಎಂ.ಗೆ ಅರ್ಜಿ ಸಲ್ಲಿಸುವುದೇ ಸೂಕ್ತ. ಎ.ಎನ್.ಎಂ. ಮುಗಿಸಿ ಜಿ.ಎನ್.ಎಂ.ಗೆ ಹೋಗುತ್ತೇನೆಂದರೆ ಎರಡು ವರ್ಷ ವ್ಯರ್ಥವಾಗುತ್ತದೆ.

ಪಿ.ಯು.ಸಿ. ಇಲ್ಲದವರು ಗಮನಿಸಬೇಕಾದುದು

ಎಸ್.ಎಸ್.ಎಲ್.ಸಿ. ಮೇಲೆ ಎ.ಎನ್.ಎಂ. ಆದವರು ಜಿ.ಎನ್.ಎಂ.ಗೆ ಅರ್ಹರೆಂದು ಮೇಲೆ ಹೇಳಲಾಗಿದೆ. ಅದರ ಮುಂದಿನ ಹಂತವಾದ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಗೆ ಮಾತ್ರ ಪಿ.ಯು.ಸಿ. ಅಥವಾ ತತ್ಸಮಾನ ಉತ್ತೀರ್ಣತೆ, ಜಿ.ಎನ್.ಎಂ. ಡಿಪ್ಲೊಮಾ, ನರ್ಸ್ ಮತ್ತು ಮಿಡ್‌ವೈಫ್ ನೋಂದಣಿ ಮೂರೂ ಅವಶ್ಯ. ಅಂದರೆ ಮೊದಲ ಬಾಗಿಲಲ್ಲಿ ಕೇಳದ ಪಿ.ಯು.ಸಿ.ಯನ್ನು ಎರಡನೆಯ ಬಾಗಿಲಲ್ಲಿ ಕೇಳುತ್ತಾರೆ. ಜಿ.ಎನ್.ಎಂ. ಮುಗಿದ ಮೇಲೆ ಇದು ತಿಳಿದು ಪುನಃ ಪಿ.ಯು.ಸಿ. ಪರೀಕ್ಷೆ ಕಟ್ಟುವ ಬದಲು, ಕೆಲಸದಲ್ಲಿರುವಾಗಲೇ ಖಾಸಗಿ ಅಭ್ಯರ್ಥಿಯಾಗಿ ಅಥವಾ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಪಿ.ಯು.ಸಿ. ಮುಗಿಸಿಕೊಳ್ಳುವುದು ಬುದ್ಧಿವಂತಿಕೆ. ವಿಷಯಗಳಲ್ಲಿ ಇಂಗ್ಲಿಷ್ ಇರಲೇಬೇಕು. ಈ ಒಂದು ಹೆಜ್ಜೆಗೆ ಉದ್ಯೋಗ ಬಿಡಬೇಕಾಗಿಲ್ಲ.

ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ನಂತರ ಎ.ಎನ್.ಎಂ. ಆದವರ ಲೆಕ್ಕ ಬೇರೆ. ಜಿ.ಎನ್.ಎಂ.ಗೆ ಮೂರು, ಪೋಸ್ಟ್ ಬೇಸಿಕ್‌ಗೆ ಎರಡು, ಒಟ್ಟು ಐದು ವರ್ಷ ಓದಿ ಪಡೆಯುವ ಪದವಿಯನ್ನು ನೇರ ಬಿ.ಎಸ್ಸಿ. ನರ್ಸಿಂಗ್ ಮೂಲಕ ನಾಲ್ಕೇ ವರ್ಷದಲ್ಲಿ ಪಡೆಯಬಹುದು. ಇದಕ್ಕೆ ಆ ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಬೇಕು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ಪ್ರಕ್ರಿಯೆಯನ್ನೂ ಗಮನಿಸಬೇಕು. ಎ.ಎನ್.ಎಂ.ಗಳಿಗೆ ವಯೋಮಿತಿಯ ವಿನಾಯಿತಿ ಹೇಳಿರುವುದು ಜಿ.ಎನ್.ಎಂ. ನಿಯಮದಲ್ಲಿ. ಬಿ.ಎಸ್ಸಿ.ಗೆ ಅದನ್ನು ಅನ್ವಯಿಸಿಕೊಳ್ಳುವಂತಿಲ್ಲ.

ಜಿ.ಎನ್.ಎಂ. ಶಿಕ್ಷಣವನ್ನೇ ನಿಲ್ಲಿಸಲಾಗುವುದೆಂಬ ಸುದ್ದಿ ಕೆಲವು ವರ್ಷಗಳ ಹಿಂದೆ ಹರಡಿತ್ತು. ಅಂತಹ ಪ್ರಸ್ತಾವ ಬಂದಿದ್ದುದು ನಿಜ, ಆದರೆ ಶಿಕ್ಷಣ ಮುಂದುವರಿದಿದೆ.

ಸೇವೆಯಲ್ಲಿರುವವರು

ಖಾಯಂ ನೌಕರರು ಅರ್ಜಿ ಸಲ್ಲಿಸುವ ಮೊದಲು ತಮ್ಮ ಆಡಳಿತ ವೈದ್ಯಾಧಿಕಾರಿ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗಳ ಮೂಲಕ ಲಿಖಿತ ಅನುಮತಿಗಾಗಿ ಮನವಿ ಸಲ್ಲಿಸತಕ್ಕದ್ದು. ಅನುಮತಿ ದೊರೆಯದೆ ಕಾಲೇಜಿಗೆ ಸೇರಿ ಆಮೇಲೆ ರಜೆ ಕೋರುವುದು ಅನಧಿಕೃತ ಗೈರುಹಾಜರಿಯ ಪ್ರಕರಣಕ್ಕೆ ಎಡೆಮಾಡುತ್ತದೆ. ವ್ಯಾಸಂಗಕ್ಕೆ ನಿಯೋಜನೆ ಸಿಗುವುದೇ, ವೇತನ ಸಹಿತವೇ ರಹಿತವೇ, ಹಿಂತಿರುಗಿದ ಮೇಲೆ ಎಷ್ಟು ವರ್ಷ ಸೇವೆ ಸಲ್ಲಿಸುವ ಮುಚ್ಚಳಿಕೆ ಬರೆದುಕೊಡಬೇಕು ಎಂಬುದನ್ನು ಆ ವರ್ಷದ ಸುತ್ತೋಲೆಯಲ್ಲಿ ನೋಡಿಕೊಳ್ಳತಕ್ಕದ್ದು. ಬಾಯಿಮಾತಿನ ಒಪ್ಪಿಗೆಯನ್ನು ಅವಲಂಬಿಸಬಾರದು.

ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ತಮ್ಮ ಕರಾರು ಪತ್ರವನ್ನು ಮತ್ತೊಮ್ಮೆ ಓದುವುದು ಅಗತ್ಯ. ಮೂರು ವರ್ಷದ ಅಧ್ಯಯನ ರಜೆ ತಾನಾಗಿಯೇ ದೊರೆಯುತ್ತದೆಂದು ಭಾವಿಸುವಂತಿಲ್ಲ. ಸೇವೆ ಕಡಿದುಹೋದರೆ ಅನುಭವದ ಅಂಕ, ವಿಮೆ ಮೊದಲಾದವುಗಳ ಗತಿ ಏನೆಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಂಡ ನಂತರವೇ ರಾಜೀನಾಮೆಯ ವಿಚಾರ ಮಾಡಬೇಕು.

ಸಂಸ್ಥೆಯ ಆಯ್ಕೆ

ಜಿಲ್ಲಾ ಕೇಂದ್ರವಾದ ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾ ಆಸ್ಪತ್ರೆಯೂ, ಬಸವೇಶ್ವರ ವಿದ್ಯಾವರ್ಧಕ ಸಂಘದ ಸಜ್ಜಲಶ್ರೀ ನರ್ಸಿಂಗ್ ವಿಜ್ಞಾನ ಸಂಸ್ಥೆಯೂ ಇವೆ. ವಿಜಯಪುರ ಮತ್ತು ಬೆಳಗಾವಿ ಕೂಡ ತಲುಪುವ ದೂರದಲ್ಲಿವೆ. ತಾಲ್ಲೂಕು ಕೇಂದ್ರಗಳ ಖಾಸಗಿ ಸಂಸ್ಥೆಗಳ ಸ್ಥಿತಿಗತಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇಲ್ಲಿ ಪಟ್ಟಿ ನೀಡಿರುವುದಿಲ್ಲ. ಯಾವ ಕೋರ್ಸ್, ಯಾವ ಶೈಕ್ಷಣಿಕ ವರ್ಷ, ಎಷ್ಟು ಸೀಟುಗಳಿಗೆ ಅನುಮತಿ ಎಂಬ ಮೂರು ವಿವರಗಳನ್ನೂ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮತ್ತು ಪರೀಕ್ಷಾ ಮಂಡಳಿಯ ಪ್ರಕಟಿತ ಪಟ್ಟಿಯಲ್ಲಿ ತಾಳೆ ನೋಡಬೇಕು. ಸಂಸ್ಥೆಗೆ ಬಿ.ಎಸ್ಸಿ.ಗೆ ಅನುಮತಿ ಇದ್ದಮಾತ್ರಕ್ಕೆ ಜಿ.ಎನ್.ಎಂ.ಗೂ ಇದೆಯೆಂದಲ್ಲ. ಇದಕ್ಕಿಂತ ಮುಖ್ಯವಾದುದು ತರಬೇತಿಯ ಆಸ್ಪತ್ರೆ. ವಿದ್ಯಾರ್ಥಿಗಳು ಯಾವ ಆಸ್ಪತ್ರೆಯಲ್ಲಿ, ಎಷ್ಟು ಹಾಸಿಗೆಗಳ ನಡುವೆ ಕಲಿಯುತ್ತಾರೆಂದು ಹೋಗಿ ನೋಡಿಯೇ ಶುಲ್ಕ ಕಟ್ಟುವುದು ಒಳ್ಳೆಯದು. ಎ.ಎನ್.ಎಂ.ಗಳಿಗೆ ಕೊರತೆಯಾಗಿರುವುದು ವಾರ್ಡಿನ ಅನುಭವವೇ ಆಗಿರುವಾಗ, ರೋಗಿಗಳಿಲ್ಲದ ಆಸ್ಪತ್ರೆಯ ಕಾಲೇಜಿನಿಂದ ಪ್ರಯೋಜನವಿಲ್ಲ.

ಈ ಭಾಗದ ಅಭ್ಯರ್ಥಿಗಳಿಗೆ ಇನ್ನೊಂದು ವಿಷಯ ವಿಶೇಷವಾಗಿ ಅನ್ವಯಿಸುತ್ತದೆ. ಜಮಖಂಡಿ ಮತ್ತು ರಬಕವಿ-ಬನಹಟ್ಟಿಯ ಅನೇಕರು ಮುಂದೆ ಮಹಾರಾಷ್ಟ್ರದ ಮಿರಜ, ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರಗಳ ಆಸ್ಪತ್ರೆಗಳಲ್ಲಿ ಕೆಲಸ ಮಾಡಲು ಬಯಸುತ್ತಾರೆ. 2016-17ರ ಅವಧಿಯಲ್ಲಿ ರಾಜ್ಯದ ನರ್ಸಿಂಗ್ ಸಂಸ್ಥೆಗಳಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನ್ಯತೆ ಅಗತ್ಯವೇ ಎಂಬ ಬಗ್ಗೆ ಸರ್ಕಾರಿ ಆದೇಶ ಮತ್ತು ಉಚ್ಚ ನ್ಯಾಯಾಲಯದ ತೀರ್ಪು ಹೊರಬಿದ್ದು, ಹೊರರಾಜ್ಯಗಳಲ್ಲಿ ನೋಂದಣಿ ಬಯಸಿದವರಲ್ಲಿ ಗೊಂದಲ ಉಂಟಾಗಿತ್ತು. ಆದ್ದರಿಂದ ಹೊರರಾಜ್ಯ ಅಥವಾ ವಿದೇಶದ ಉದ್ದೇಶವಿದ್ದವರು ತಾವು ಪ್ರವೇಶ ಪಡೆಯುವ ವರ್ಷದಲ್ಲಿ ಆ ಸಂಸ್ಥೆಯ ಹೆಸರು ರಾಷ್ಟ್ರೀಯ ಪಟ್ಟಿಯಲ್ಲಿಯೂ ಇದೆಯೇ ಎಂದು ಪರಿಶೀಲಿಸಿ, ಆ ಪುಟದ ಪ್ರತಿಯನ್ನು ಮುದ್ರಿಸಿ ಇಟ್ಟುಕೊಳ್ಳತಕ್ಕದ್ದು. ಮಹಾರಾಷ್ಟ್ರದಲ್ಲಿ ಕೆಲಸ ಮಾಡಲು ಕರ್ನಾಟಕದ ಕೌನ್ಸಿಲ್ಲಿನಿಂದ ನಿರಾಕ್ಷೇಪಣಾ ಪತ್ರ ಪಡೆದು ಅಲ್ಲಿನ ಕೌನ್ಸಿಲ್ಲಿನಲ್ಲಿ ನೋಂದಾಯಿಸಬೇಕಾಗುತ್ತದೆ.

ದಾಖಲೆಗಳು ಮತ್ತು ಹೆಸರಿನ ತೊಡಕು

ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿ, ಎ.ಎನ್.ಎಂ. ಅಂಕಪಟ್ಟಿ, ಚಾಲ್ತಿಯಲ್ಲಿರುವ ಎ.ಎನ್.ಎಂ. ನೋಂದಣಿ ಪ್ರಮಾಣಪತ್ರ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ವೈದ್ಯಕೀಯ ಅರ್ಹತಾ ಪತ್ರ ಹಾಗೂ ಸೇವೆಯಲ್ಲಿದ್ದಲ್ಲಿ ಅನುಮತಿ ಪತ್ರ ಇವು ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು.

ಇವುಗಳಲ್ಲಿ ಅರ್ಜಿ ನಿಂತುಹೋಗುವುದು ಬಹುಪಾಲು ಹೆಸರಿನ ವಿಷಯದಲ್ಲಿ. ನಮ್ಮ ಭಾಗದಲ್ಲಿ ಎಸ್.ಎಸ್.ಎಲ್.ಸಿ. ಪಟ್ಟಿಯಲ್ಲಿ ತಂದೆಯ ಹೆಸರು ಮತ್ತು ತವರಿನ ಅಡ್ಡಹೆಸರು ಇರುತ್ತದೆ. ಮದುವೆಯ ನಂತರ ಮಾಡಿಸಿದ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕಗಳಲ್ಲಿ ಗಂಡನ ಹೆಸರು ಮತ್ತು ಗಂಡನ ಮನೆಯ ಅಡ್ಡಹೆಸರು ಬರುತ್ತದೆ. ಎ.ಎನ್.ಎಂ. ಪ್ರಮಾಣಪತ್ರ ಒಂದು ಹೆಸರಿನಲ್ಲಿ, ಸೇವಾ ಪುಸ್ತಕ ಇನ್ನೊಂದು ಹೆಸರಿನಲ್ಲಿ ಇರುವುದೂ ಉಂಟು. ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ರಾಷ್ಟ್ರೀಯ ನರ್ಸ್ ನೋಂದಣಿ ವ್ಯವಸ್ಥೆಯು ಆಧಾರ್ ಆಧರಿಸಿ ಪ್ರತಿಯೊಬ್ಬರಿಗೂ ಒಂದೇ ಗುರುತಿನ ಸಂಖ್ಯೆ ನೀಡುವುದರಿಂದ ಈ ವ್ಯತ್ಯಾಸ ಅಲ್ಲಿ ಎದ್ದು ಕಾಣುತ್ತದೆ. ಶಿಕ್ಷಣಕ್ಕೆ ಸಂಬಂಧಿಸಿದ ಎಲ್ಲ ದಾಖಲೆಗಳನ್ನೂ ಎಸ್.ಎಸ್.ಎಲ್.ಸಿ. ಪಟ್ಟಿಯಲ್ಲಿರುವಂತೆಯೇ, ಅಕ್ಷರವೂ ಬದಲಾಗದಂತೆ ಇರಿಸಿಕೊಳ್ಳುವುದು ಸುಲಭದ ದಾರಿ. ಬೀಳಗಿ ಎಂಬ ಊರನ್ನೇ ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆಯುವುದುಂಟು, ಮನುಷ್ಯರ ಹೆಸರಿನ ಮಾತೇ ಬೇರೆ. ತಿದ್ದುಪಡಿಯನ್ನು ಅರ್ಜಿಯ ಕೊನೆಯ ವಾರಕ್ಕೆ ಉಳಿಸಿಕೊಳ್ಳದೆ ಮೊದಲೇ ಮಾಡಿಸತಕ್ಕದ್ದು.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಆಯಾ ಹೋಬಳಿಯ ನಾಡಕಚೇರಿಯಲ್ಲಿ ಪಡೆಯಬಹುದು. ರಬಕವಿ-ಬನಹಟ್ಟಿಯು ಹಿಂದೆ ಜಮಖಂಡಿ ತಾಲ್ಲೂಕಿಗೆ ಸೇರಿದ್ದುದರಿಂದ ಹಳೆಯ ಪ್ರಮಾಣಪತ್ರಗಳಲ್ಲಿ ಜಮಖಂಡಿ ತಾಲ್ಲೂಕೆಂದೇ ಇರುತ್ತದೆ. ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಜಾಲತಾಣದಲ್ಲಿ ಪರಿಶೀಲಿಸಿ, ಸಂದೇಹವಿದ್ದಲ್ಲಿ ಹೊಸದನ್ನು ಪಡೆಯುವುದು ಉಚಿತ. ಬಾಗಲಕೋಟೆ ಜಿಲ್ಲೆಯು ಸಂವಿಧಾನದ 371ಜೆ ವಿಧಿಯ ವ್ಯಾಪ್ತಿಗೆ ಬರುವುದಿಲ್ಲ. ನೆರೆಯ ಕೊಪ್ಪಳ, ರಾಯಚೂರು ಜಿಲ್ಲೆಗಳವರಿಗೆ ಇರುವ ಆ ಮೀಸಲಾತಿಯನ್ನು ಇಲ್ಲಿನ ನಿವಾಸಿಗಳು ಕೋರುವಂತಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಭೂಮಿ ಅಥವಾ ಮನೆ ಮುಳುಗಡೆಯಾದ ಬೀಳಗಿ ಮತ್ತು ಇತರ ತಾಲ್ಲೂಕುಗಳ ಕುಟುಂಬದವರು ಯೋಜನಾ ನಿರಾಶ್ರಿತರ ಪ್ರಮಾಣಪತ್ರವನ್ನು ಜೋಪಾನವಾಗಿಡಬೇಕು. ಅದು ಉಪಯೋಗಕ್ಕೆ ಬರುವುದು ಮುಂದೆ ಸರ್ಕಾರಿ ಹುದ್ದೆಯ ನೇಮಕಾತಿಯ ವೇಳೆಗೆ.

ವೆಚ್ಚ ಮತ್ತು ಪ್ರಯಾಣ

ಖಾಸಗಿ ಸಂಸ್ಥೆಗಳ ಶುಲ್ಕವು ಒಂದೇ ಸಮನಾಗಿರುವುದಿಲ್ಲ. ಮೂರು ವರ್ಷದ ಒಟ್ಟು ಶುಲ್ಕ, ವಸತಿ, ಸಮವಸ್ತ್ರ, ಪರೀಕ್ಷಾ ಶುಲ್ಕಗಳನ್ನು ಸೇರಿಸಿ ಲಿಖಿತವಾಗಿ ಕೇಳಿ ಪಡೆಯಬೇಕು. ಮೂಲ ಅಂಕಪಟ್ಟಿಗಳನ್ನು ಶುಲ್ಕದ ಒತ್ತೆಯಾಗಿ ಯಾವ ಸಂಸ್ಥೆಯಲ್ಲೂ ಬಿಟ್ಟುಬರಬಾರದು. ವಿದ್ಯಾರ್ಥಿವೇತನಕ್ಕಾಗಿ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಬಹುದು. ಗಂಡ ಅಥವಾ ತಂದೆ ನೋಂದಾಯಿತ ಕಟ್ಟಡ ಕಾರ್ಮಿಕರಾಗಿದ್ದಲ್ಲಿ, ನೇಕಾರ ಕುಟುಂಬದವರಾಗಿದ್ದಲ್ಲಿ ಆಯಾ ಇಲಾಖೆಯಲ್ಲಿ ಆ ವರ್ಷದ ಸೌಲಭ್ಯಗಳನ್ನು ವಿಚಾರಿಸುವುದು. ಲೆಕ್ಕ ಹಾಕುವಾಗ ಶುಲ್ಕಕ್ಕಿಂತ ದೊಡ್ಡ ವೆಚ್ಚವಾದ ಮೂರು ವರ್ಷದ ಸಂಬಳ ನಷ್ಟವನ್ನು ಮರೆಯುವವರೇ ಹೆಚ್ಚು.

2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು. ಬೀಳಗಿಯವರಿಗೆ ಬಾಗಲಕೋಟೆಗೆ ದಿನವೂ ಹೋಗಿಬರುವುದು ಸಾಧ್ಯ. ಜಮಖಂಡಿ ಮತ್ತು ರಬಕವಿ-ಬನಹಟ್ಟಿಯವರು ಬೆಳಗಿನ ಪಾಳಿಯ ವಾರ್ಡ್ ಕೆಲಸವನ್ನು ಗಮನದಲ್ಲಿಟ್ಟು ವಸತಿಯ ಏರ್ಪಾಡು ಮಾಡಿಕೊಳ್ಳುವುದೇ ಸೂಕ್ತ.

ಡಿಪ್ಲೊಮಾ ಪಡೆದ ನಂತರ

ಅಂತಿಮ ಪರೀಕ್ಷೆಯ ಅಂಕಪಟ್ಟಿ ಕೈಗೆ ಬಂದರೆ ನರ್ಸ್ ಆದಂತೆ ಎಂದು ಭಾವಿಸಬಾರದು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಆಗಿ ಹೆಸರು ನೋಂದಾಯಿಸಿದ ನಂತರವೇ ಅರ್ಹತೆ ಪೂರ್ಣಗೊಳ್ಳುತ್ತದೆ. ಈ ಅರ್ಜಿಯಲ್ಲಿ ಹಿಂದಿನ ಎ.ಎನ್.ಎಂ. ನೋಂದಣಿ ಸಂಖ್ಯೆಯನ್ನು ತಪ್ಪದೆ ನಮೂದಿಸತಕ್ಕದ್ದು. ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಿದವರು ಅದನ್ನು ಹೆಚ್ಚುವರಿ ಅರ್ಹತೆಯಾಗಿ ದಾಖಲಿಸಬೇಕು. ಆ ಪದವಿಯನ್ನು ನೀಡುವುದು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅಥವಾ ಸಂಬಂಧಪಟ್ಟ ಇತರ ವಿಶ್ವವಿದ್ಯಾಲಯ. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಬೇಕಾಗಿರುವುದರಿಂದ ಹಾಜರಾದ ತರಬೇತಿ ಶಿಬಿರಗಳ ಪ್ರಮಾಣಪತ್ರಗಳನ್ನು ಸಂಗ್ರಹಿಸಿಡುವುದು.

ಈಗಾಗಲೇ ಇಲಾಖೆಯಲ್ಲಿ ಎ.ಎನ್.ಎಂ. ಆಗಿರುವವರು ಜಿ.ಎನ್.ಎಂ. ಪಡೆದ ಮಾತ್ರಕ್ಕೆ ಅವರ ಹುದ್ದೆ ತಾನಾಗಿ ಶುಶ್ರೂಷಾಧಿಕಾರಿ ಹುದ್ದೆಯಾಗಿ ಬದಲಾಗುವುದಿಲ್ಲ. ಹೊಸ ಅರ್ಹತೆಯನ್ನು ಸೇವಾ ಪುಸ್ತಕದಲ್ಲಿ ದಾಖಲಿಸಿ, ನೇಮಕಾತಿ ಅಧಿಸೂಚನೆ ಹೊರಬಿದ್ದಾಗ ಇತರರಂತೆಯೇ ಅರ್ಜಿ ಸಲ್ಲಿಸತಕ್ಕದ್ದು. ವಯೋಮಿತಿ ಇಲ್ಲದಿರುವುದು ತರಗತಿಗೆ ಮಾತ್ರ, ನೇಮಕಾತಿಗೆ ಆಯಾ ಅಧಿಸೂಚನೆಯ ವಯೋಮಿತಿ ಇದ್ದೇ ಇರುತ್ತದೆ. ನಲವತ್ತು ದಾಟಿದವರು ಜಿ.ಎನ್.ಎಂ.ಗೆ ಸೇರುವ ಮೊದಲು ಈ ಒಂದು ಅಂಶವನ್ನು ಕಡ್ಡಾಯವಾಗಿ ವಿಚಾರಿಸಿಕೊಳ್ಳಬೇಕು. ಖಾಸಗಿ ಆಸ್ಪತ್ರೆಗಳ ಕೆಲಸಕ್ಕೆ ಈ ತಡೆ ಇಲ್ಲ.

ವಿಚಾರಣೆ

ಸೇವೆಯಲ್ಲಿರುವವರು ತಮ್ಮ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಛೇರಿಯಲ್ಲಿಯೂ, ಇತರರು ಬಾಗಲಕೋಟೆ ನವನಗರದ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಛೇರಿಯಲ್ಲಿಯೂ ಕಛೇರಿ ವೇಳೆಯಲ್ಲಿ ವಿಚಾರಿಸಬಹುದು. ನೋಂದಣಿಯ ಪ್ರಶ್ನೆಗಳನ್ನು ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿಗೆ ನೇರವಾಗಿ ಬರೆಯತಕ್ಕದ್ದು. ಬರೆಯುವಾಗ ಎ.ಎನ್.ಎಂ. ನೋಂದಣಿ ಸಂಖ್ಯೆ, ತರಬೇತಿ ಪಡೆದ ಸಂಸ್ಥೆಯ ಹೆಸರು ಮತ್ತು ಉತ್ತೀರ್ಣರಾದ ವರ್ಷವನ್ನು ನಮೂದಿಸಿ, ನೋಂದಣಿ ಪ್ರಮಾಣಪತ್ರದ ನಕಲನ್ನು ಲಗತ್ತಿಸುವುದು. ಮೂಲ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಬಾರದು.